ಪರದೇಶದಲ್ಲಿ ಒಂದು ಬಿಡಾರ

ಹೊಟ್ಟೆಪಾಡಿಗಾಗಿ ಊರು ಬಿಡುವವರನ್ನು ನಾವೆಲ್ಲರೂ ಕಂಡಿದ್ದೇವೆ. ಭಾಲ್ಕಿ, ಔರಾದ ತಾಲ್ಲೂಕುಗಳ ಹಳ್ಳಿಗಳಿಂದ ಹೈದರಾಬಾದಿಗೆ, ಮುಂಬಯಿಗೆ, ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋದವರು ಬಹಳ ಮಂದಿ. ಆದರೆ ಸಂಪಾದನೆಯ ಆಸೆಯಿಲ್ಲದೆ, ಯಾರ ಬಲವಂತವೂ ಇಲ್ಲದೆ, ಸೇವೆಗೆಂದೇ ಕಡಲಾಚೆಯ ನಾಡಿಗೆ ಹೋಗಿ, ಒಂದೆರಡು ವರ್ಷ ಅಲ್ಲಿಯೇ ಒಲೆ ಹೂಡುವವರೂ ಉಂಟು. ಇವರೇ ಸ್ವಯಂಸೇವಕರು. ಇವರು ಕಟ್ಟಿದ ಶಾಲೆ, ತೋಡಿದ ಬಾವಿಗಳ ವಿಚಾರ ಪತ್ರಿಕೆಗಳಲ್ಲಿ ಬರುತ್ತದೆ. ಮನೆ ಹೇಗೆ ದೊರೆಯಿತು, ನೀರು ಎಲ್ಲಿಂದ ತಂದರು, ಸಂಜೆಯ ಹೊತ್ತು ಯಾರೊಡನೆ ಮಾತನಾಡಿದರು ಎಂಬುದು ಬರುವುದಿಲ್ಲ. ಕೈಗೊಂಡ ಕೆಲಸ ಅರ್ಧಕ್ಕೆ ನಿಲ್ಲುವುದು ಅನೇಕ ವೇಳೆ ಇಂಥ ಸಣ್ಣ ಸಂಗತಿಗಳ ದೆಸೆಯಿಂದಲೇ.

ಈ ಬಗೆಯ ಸೇವೆಗೆ ಒಂದು ಇತಿಹಾಸವಿದೆ. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ಸ್ವಿಟ್ಜರ್ಲೆಂಡಿನ ಪಿಯರ್ ಸೆರೆಸೋಲ್ ಎಂಬ ಎಂಜಿನಿಯರು ಕೆಲವು ಗೆಳೆಯರನ್ನು ಕೂಡಿಕೊಂಡು ಫ್ರಾನ್ಸಿನ ಹಾಳುಬಿದ್ದ ಹಳ್ಳಿಯೊಂದನ್ನು ಮತ್ತೆ ಎತ್ತಿ ನಿಲ್ಲಿಸಲು ಹೋದನು. ನಿನ್ನೆಯವರೆಗೆ ಶತ್ರುಗಳಾಗಿದ್ದ ದೇಶಗಳವರು ಅಲ್ಲಿ ಒಟ್ಟಿಗೆ ಗುದ್ದಲಿ ಹಿಡಿದರು. ಇದೇ ಸೆರೆಸೋಲನು 1934ರಲ್ಲಿ ಬಿಹಾರದಲ್ಲಿ ಭೂಕಂಪವಾದಾಗ ನಮ್ಮ ದೇಶಕ್ಕೂ ಬಂದನು. ಆತನ ತಂದೆ ಸ್ವಿಸ್ ಒಕ್ಕೂಟದ ಅಧ್ಯಕ್ಷನಾಗಿದ್ದವನು. ಮಗ ಬಿಹಾರದ ಹಳ್ಳಿಗರೊಡನೆ ಮಣ್ಣು ಹೊತ್ತನು. ಮುಂದೆ 1958ರಲ್ಲಿ ಬ್ರಿಟನ್ನಿನಲ್ಲಿಯೂ, 1961ರಲ್ಲಿ ಶಾಂತಿದಳ ಎಂಬ ಹೆಸರಿನಿಂದ ಅಮೆರಿಕದಲ್ಲಿಯೂ, 1965ರಲ್ಲಿ ಜಪಾನಿನಲ್ಲಿಯೂ ಇಂಥ ಸಂಸ್ಥೆಗಳು ಹುಟ್ಟಿದವು. ವಿಶ್ವಸಂಸ್ಥೆಯ ಮಹಾಸಭೆಯು 1970ರಲ್ಲಿ ತನ್ನದೇ ಸ್ವಯಂಸೇವಕ ಯೋಜನೆಗೆ ಒಪ್ಪಿಗೆ ನೀಡಿತು. ಅಮೆರಿಕದ ಶಾಂತಿದಳದವರು 1961ರಿಂದ 1976ರವರೆಗೆ ಭಾರತದಲ್ಲಿ ಕೆಲಸ ಮಾಡಿದರು. ಬಂದವರ ಸಂಖ್ಯೆ ನಾಲ್ಕು ಸಾವಿರಕ್ಕೂ ಮಿಕ್ಕಿತ್ತು.

ಸ್ವಯಂಸೇವಕನಿಗೆ ಸಂಬಳವೆಂಬುದಿಲ್ಲ, ಜೀವನಾಂಶವಿದೆ. ಆ ಊರಿನಲ್ಲಿ ಸಾಧಾರಣವಾಗಿ ಬಾಳಲು ಸಾಕಾಗುವಷ್ಟು ಹಣವನ್ನು ಸಂಸ್ಥೆಯು ಕೊಡುತ್ತದೆ. ಇದರ ಹಿಂದೆ ಒಂದು ವಿವೇಕವಿದೆ. ಬಂದವನು ಊರಿನಲ್ಲಿಯೇ ದೊಡ್ಡ ಮನೆ ಹಿಡಿದು, ಆಳುಕಾಳು ಇಟ್ಟುಕೊಂಡು ಕುಳಿತರೆ, ಜನರು ಅವನನ್ನು ಸಾಹೇಬನೆಂದು ದೂರದಿಂದಲೇ ನಮಸ್ಕರಿಸಿಯಾರು. ಜಗುಲಿಯ ಮೇಲೆ ಬಂದು ಕೂರಲಾರರು. ಶಾಂತಿದಳದಲ್ಲಿ ಸುಮಾರು ಮೂರು ತಿಂಗಳ ತರಬೇತಿ, ಅನಂತರ ಎರಡು ವರ್ಷಗಳ ಸೇವೆ ಎಂಬ ಕ್ರಮವಿದೆ. ತರಬೇತಿಯ ಕಾಲದಲ್ಲಿ ಆ ನಾಡಿನ ಕುಟುಂಬವೊಂದರ ಮನೆಯಲ್ಲಿ ಇರಿಸುವ ಪದ್ಧತಿಯೂ ಬೆಳೆದುಬಂದಿದೆ. ಪುಸ್ತಕವು ಕಲಿಸದ ಎಷ್ಟೋ ವಿಷಯಗಳನ್ನು ಆ ಮನೆಯ ಅಜ್ಜಿ ಕಲಿಸುತ್ತಾಳೆ. ಚಪ್ಪಲಿ ಎಲ್ಲಿ ಬಿಡಬೇಕು, ಬಡಿಸಿದ್ದು ಸಾಕೆಂದು ಹೇಗೆ ಹೇಳಬೇಕು, ಯಾವ ಕೈಯಿಂದ ಕೊಡಬೇಕು ಎಂಬುದನ್ನು ಬೇರೆ ಯಾರು ತಾನೆ ಹೇಳಿಕೊಟ್ಟಾರು?

ಭಾಷೆಯ ವಿಷಯದಲ್ಲಿ ಕಡಲು ದಾಟಬೇಕಾದುದೇ ಇಲ್ಲ. 1956ರವರೆಗೆ ಬೀದರ ಹೈದರಾಬಾದ್ ರಾಜ್ಯದಲ್ಲಿತ್ತು. ರಾಜ್ಯಗಳು ಒಂದಾದ ಮೇಲೆ ಮೈಸೂರಿನ ಕಡೆಯಿಂದ ಈ ಜಿಲ್ಲೆಗೆ ಅನೇಕ ಉಪಾಧ್ಯಾಯರು ಬಂದರು. ಕನ್ನಡದಿಂದ ಕನ್ನಡಕ್ಕೇ ಬಂದವರಾದರೂ ಔರಾದದ ಸಂತೆಯಲ್ಲಿ ನಿಂತಾಗ ಅವರಿಗೆ ದಿಕ್ಕು ತೋಚುತ್ತಿರಲಿಲ್ಲ. ಒಬ್ಬನು ಮರಾಠಿ ಬೆರೆಸುವನು, ಇನ್ನೊಬ್ಬನು ದಖನಿ ಉರ್ದು ಬೆರೆಸುವನು. ಮನೆಯ ಒಡತಿ "ಏನ್ ಮಾಡ್ಲತ್ತೀರಿ ಸರ?" ಎಂದು ಕೇಳಿದರೆ, ಅದು ಕನ್ನಡವೇ ಎಂದು ತಿಳಿಯಲು ಒಂದು ಕ್ಷಣ ಬೇಕಾಗುತ್ತಿತ್ತು. ನಾನು ಬಲ್ಲ ಅಂಥ ಹಿರಿಯರೊಬ್ಬರು ವರ್ಷ ತುಂಬುವುದರೊಳಗೆ ಮುದ್ದೆಯನ್ನು ಮರೆತು ಜೋಳದ ರೊಟ್ಟಿಗೆ, ಪುಂಡಿಪಲ್ಯಕ್ಕೆ ಒಗ್ಗಿಕೊಂಡರು. ಅವರಿಗಿಂತ ಹೆಚ್ಚು ಓದಿದ್ದ ಇನ್ನೊಬ್ಬರು ಇಲ್ಲಿಯ ಮಾತನ್ನು ತಿದ್ದುವುದರಲ್ಲಿಯೇ ದಿನ ಕಳೆದು, ವರ್ಗಾವಣೆಯ ಅರ್ಜಿ ಬರೆದು ಹೊರಟುಹೋದರು.

ಹೊಸ ನಾಡಿನಲ್ಲಿ ನೆಲೆಸುವವನ ಮನಃಸ್ಥಿತಿಯನ್ನು ಕಲೆರ್ವೊ ಓಬರ್ಗ್ ಎಂಬ ಮಾನವಶಾಸ್ತ್ರಜ್ಞನು 1950ರ ದಶಕದಲ್ಲಿ ವಿವರಿಸಿದನು. ಆತನ ಪ್ರಕಾರ ಮೊದಲ ಕೆಲವು ವಾರಗಳು ಮದುವೆಮನೆಯ ಸಂಭ್ರಮದಂತೆ ಕಳೆಯುತ್ತವೆ, ಕಂಡದ್ದೆಲ್ಲ ಚೆಲುವು. ಅನಂತರ ಬರುವುದು ಕಷ್ಟಕಾಲ. ನಗುವಿನ ಅರ್ಥ, ಮೌನದ ಅರ್ಥ, 'ನಾಳೆ ಬನ್ನಿ' ಎಂಬ ಮಾತಿನ ಅರ್ಥ, ಯಾವುದೂ ಗೊತ್ತಾಗದೆ ಮನಸ್ಸು ದಣಿಯುತ್ತದೆ. ಊರಿನವರ ಮೇಲೆ ಸಿಟ್ಟು ಬರುತ್ತದೆ. ತನ್ನ ದೇಶದವರನ್ನೇ ಹುಡುಕಿಕೊಂಡು ಹೋಗಿ, ಅವರೊಡನೆ ಈ ಊರನ್ನು ಬಯ್ಯುವುದರಲ್ಲಿ ಸುಖ ಕಾಣುತ್ತದೆ. ಕೆಲವರು ಈ ಹಂತದಲ್ಲಿಯೇ ಮರಳಿ ಹೋಗುತ್ತಾರೆ. ಉಳಿದವರಿಗೆ ನಿಧಾನವಾಗಿ ಭಾಷೆ ತಿಳಿಯುತ್ತದೆ, ಹಾಸ್ಯ ತಿಳಿಯುತ್ತದೆ, ಬದುಕು ಹದಕ್ಕೆ ಬರುತ್ತದೆ.

ಓಬರ್ಗನಿಗಿಂತ ಐದು ಶತಮಾನಗಳ ಹಿಂದೆ ಇದನ್ನೆಲ್ಲ ಅನುಭವಿಸಿ ಬರೆದಿಟ್ಟವನೊಬ್ಬನು ನಮ್ಮ ಬೀದರದಲ್ಲಿಯೇ ಇದ್ದನು. ರಷ್ಯಾದ ತ್ವೇರ್ ಪಟ್ಟಣದ ಅಫನಾಸಿ ನಿಕಿತಿನ್ ಎಂಬ ಆ ವ್ಯಾಪಾರಿ 1470ರ ಸುಮಾರಿಗೆ ಒಂದು ಕುದುರೆಯೊಡನೆ ಇಲ್ಲಿಗೆ ಬಂದನು. ಸೇವೆಗೆ ಬಂದವನಲ್ಲ, ನಿಜ. ಆದರೂ ಪರದೇಶಿಯ ಪಾಡು ಎಲ್ಲರಿಗೂ ಒಂದೇ. ಇಲ್ಲಿ ತನ್ನ ನಾಡಿಗೆ ಬೇಕಾದ ಸರಕು ಹೇರಳವಾಗಿದೆಯೆಂದು ದಾರಿಯಲ್ಲಿ ಹೇಳಿದವರ ಮಾತು ಸುಳ್ಳಾಗಿತ್ತು. ಪ್ರಯಾಣದ ಆರಂಭದಲ್ಲಿಯೇ ದರೋಡೆಗೆ ಸಿಕ್ಕಿ ಧರ್ಮಗ್ರಂಥಗಳು ಹೋಗಿದ್ದುದರಿಂದ ಈಸ್ಟರ್ ಹಬ್ಬ ಯಾವ ದಿನ ಬರುವುದೆಂಬುದೇ ಅವನಿಗೆ ತಿಳಿಯದಾಯಿತು. ಅಂದಾಜಿನ ಮೇಲೆ ದಿನ ಎಣಿಸಿ ಉಪವಾಸ ಮಾಡಿದನು. ಎಣಿಕೆ ತಪ್ಪಿತೇನೋ ಎಂದು ಮತ್ತೆ ಮತ್ತೆ ಹಲುಬಿದನು. ದೂರದೇಶದಲ್ಲಿ ಹಬ್ಬದ ದಿನ ಒಬ್ಬನೇ ಕುಳಿತವನ ಸಂಕಟ ಅದಕ್ಕಿಂತ ಚೆನ್ನಾಗಿ ಬೇರೆಲ್ಲಿಯೂ ನನ್ನ ಓದಿಗೆ ಸಿಕ್ಕಿಲ್ಲ.

ಆತನು ಇಲ್ಲಿ ಖೋಜಾ ಯೂಸುಫ್ ಖೊರಾಸಾನಿ ಎಂಬ ಹೆಸರಿನಿಂದ ಓಡಾಡುತ್ತಿದ್ದನು. ಕುದುರೆ ಮಾರಿದ ಮೇಲೆ ಬೀದರದ ಹಿಂದೂಗಳ ಪರಿಚಯವಾಯಿತು. ಅವರಿಗೆ ತನ್ನ ನಿಜವಾದ ಹೆಸರನ್ನೂ ಧರ್ಮವನ್ನೂ ತಿಳಿಸಿದನು. ಅಂದಿನಿಂದ ಅವರು ತಮ್ಮ ಊಟ, ವ್ಯಾಪಾರ, ಪೂಜೆ, ಯಾವುದನ್ನೂ ತನ್ನಿಂದ ಮರೆಮಾಡಲಿಲ್ಲವೆಂದು ಬರೆಯುತ್ತಾನೆ. ಆಮೇಲೆ ಅವರೊಡನೆಯೇ ಶ್ರೀಶೈಲದ ಜಾತ್ರೆಗೂ ಹೋಗಿಬಂದನು. ಹೊರಗಿನವನು ಒಳಗಿನವನಾಗುವ ಗಳಿಗೆ ಇಂಥದು.

ಅದೇ ಕಾಲದ ಬೀದರವು ಇದರ ಇನ್ನೊಂದು ಮುಖವನ್ನೂ ಕಂಡಿತು. ಪರ್ಷಿಯಾ ಮೊದಲಾದ ಕಡೆಗಳಿಂದ ಬಂದು ನೆಲೆಸಿದವರನ್ನು ಆಫಾಕಿಗಳೆಂದೂ, ಹಿಂದಿನಿಂದ ಇಲ್ಲಿದ್ದವರನ್ನು ದಕ್ಕನಿಗಳೆಂದೂ ಕರೆಯುತ್ತಿದ್ದರು. ಎರಡು ಪಂಗಡಗಳ ನಡುವೆ ಹಗೆ ಬೆಳೆದಿತ್ತು. ಕ್ಯಾಸ್ಪಿಯನ್ ದಡದ ಗೀಲಾನಿನಿಂದ ಬಂದು ಬಹಮನಿ ರಾಜ್ಯದ ಮಂತ್ರಿಯಾದ ಮಹಮೂದ್ ಗವಾನನು ಅಧಿಕಾರವನ್ನು ಇಬ್ಬರಿಗೂ ಸಮನಾಗಿ ಹಂಚಲು ಯತ್ನಿಸಿದನು. 1472ರಲ್ಲಿ ವಿದ್ಯಾಕೇಂದ್ರವನ್ನು ಕಟ್ಟಿಸಿದನು. ಆದರೂ 1481ರಲ್ಲಿ ವಿರೋಧಿಗಳು ಸೃಷ್ಟಿಸಿದ ಸುಳ್ಳು ಪತ್ರವೊಂದು ಅವನ ತಲೆ ತೆಗೆಯಿಸಿತು. ಹೊರಗಿನವರ ಜಾಣ್ಮೆಯನ್ನು ನೆಲವು ಸ್ವೀಕರಿಸಿದ ಬಗೆಯನ್ನು ನೋಡಬೇಕಾದರೆ ನೌಬಾದಿನ ಸುರಂಗ ಬಾವಿಗೆ ಹೋಗಬೇಕು. ನೆಲದೊಳಗೆ ಕಾಲುವೆ ತೋಡಿ, ಅಲ್ಲಲ್ಲಿ ಗಾಳಿಬಾವಿ ಬಿಟ್ಟು, ಇಳಿಜಾರಿನಲ್ಲಿ ನೀರು ಹರಿಸುವ ವಿದ್ಯೆ ಪರ್ಷಿಯಾದ್ದು. ಕೊರೆದದ್ದು ಮಾತ್ರ ಬೀದರದ ಕೆಂಪು ಜಂಬಿಟ್ಟಿಗೆ ಕಲ್ಲನ್ನು.

ಇತ್ತೀಚಿನ ಕಾಲಕ್ಕೆ ಬರೋಣ. ಅಮೆರಿಕದ ಜಾರ್ಜಿಯಾ ರಾಜ್ಯದ ಲಿಲಿಯನ್ ಕಾರ್ಟರ್ ಎಂಬ ದಾದಿ 1966ರಲ್ಲಿ, ತನ್ನ 68ನೆಯ ವಯಸ್ಸಿನಲ್ಲಿ, ಶಾಂತಿದಳ ಸೇರಿ ಮುಂಬಯಿಯ ವಿಖ್ರೋಳಿಗೆ ಬಂದಳು. ಆಕೆಯ ಮಗ ಜಿಮ್ಮಿ ಕಾರ್ಟರ್ ಮುಂದೆ 1977ರಲ್ಲಿ ಅಮೆರಿಕದ ಅಧ್ಯಕ್ಷನಾದನು. ಆ ವಯಸ್ಸಿನಲ್ಲಿ ಒಬ್ಬಂಟಿಯಾಗಿ, ಅರಿಯದ ಅನ್ನ ಉಂಡು, ಚಿಕಿತ್ಸಾಲಯದಲ್ಲಿ ರೋಗಿಗಳ ಸಾಲಿನ ಮುಂದೆ ದಿನವಿಡೀ ನಿಲ್ಲುವುದು ಸುಲಭವಾಗಿರಲಿಲ್ಲ. ಮನೆಯವರಿಗೆ ಬರೆದ ಪತ್ರಗಳಲ್ಲಿ ಆಕೆ ಇದನ್ನು ಮುಚ್ಚಿಡಲಿಲ್ಲ; ಅವು 1977ರಲ್ಲಿ ಪುಸ್ತಕವಾಗಿ ಬಂದವು. ತೋಟದ ಮಾಲಿಯೊಬ್ಬನು ಆಕೆಗೆ ತರಕಾರಿ, ಹೂವು ತಂದುಕೊಡುತ್ತಿದ್ದನಂತೆ. ಹಣ ಕೊಡಲು ಆಕೆಯ ಬಳಿ ಹೆಚ್ಚೇನೂ ಇರಲಿಲ್ಲ. ಆತನ ಮಗಳಿಗೆ ಓದುಬರಹ ಕಲಿಸಿದಳು. ಕೊಟ್ಟು ತೆಗೆದುಕೊಳ್ಳುವ ಸಂಬಂಧ ಏರ್ಪಟ್ಟ ಮೇಲೆಯೇ ಬಾಡಿಗೆಯ ಕೋಣೆಯು ಮನೆಯೆನಿಸುವುದು. ಬರಿದೇ ಕೊಡುತ್ತಲೇ ಇರುವ ಪರದೇಶಿಯ ಬಳಿ ಜನರು ಸಾಲುಗಟ್ಟುತ್ತಾರೆ. ಒಂದು ಹಿಡಿ ಸೊಪ್ಪನ್ನು ಅವರಿಂದ ಪಡೆಯಬಲ್ಲವನೊಡನೆ ಸಲಿಗೆ ಬೆಳೆಸುತ್ತಾರೆ.

ಎರಡು ವರ್ಷ ಮುಗಿದು ಹೊರಡುವ ದಿನ ಬಂದಾಗ, ಪಾತ್ರೆ ಪಡಗಗಳನ್ನು ನೆರೆಯವರಿಗೆ ಹಂಚಿ, ಬೀಗದಕೈಯನ್ನು ಒಡೆಯನಿಗೆ ಒಪ್ಪಿಸಿ ಸ್ವಯಂಸೇವಕನು ಬಸ್ಸು ಹತ್ತುತ್ತಾನೆ. ಸ್ವಂತ ಊರಿಗೆ ಹೋದ ಮೇಲೆ ಅಲ್ಲಿಯ ಗಡಿಬಿಡಿಯೇ ಅಪರಿಚಿತವೆನಿಸುವುದುಂಟು. ಹಿಂದಿರುಗಿದವರಲ್ಲಿ ಅನೇಕರು, ಹೋಗುವಾಗಿನ ಕಷ್ಟಕ್ಕಿಂತ ಇದೇ ಹೆಚ್ಚೆಂದು ಹೇಳಿದ್ದಾರೆ. ನಿಕಿತಿನ್ನನಿಗೆ ಆ ಕಷ್ಟವೂ ಒದಗಲಿಲ್ಲ. ತ್ವೇರ್ ತಲುಪುವ ಮೊದಲೇ, ಸ್ಮೊಲೆನ್ಸ್ಕ್ ಪಟ್ಟಣದ ಈಚೆಗೆ ಆತನು ತೀರಿಕೊಂಡನು. ಆತನ ಬರಹವನ್ನು ವ್ಯಾಪಾರಿಗಳು ಮಾಸ್ಕೋಗೆ ಒಯ್ದರು. ರಷ್ಯನ್ ಭಾಷೆಯ ಆ ಬರಹದ ನಡುನಡುವೆ ತುರ್ಕಿ, ಪಾರಸಿ, ಅರಬ್ಬಿ ಮಾತುಗಳು ಬರುತ್ತವೆ. ಕೊನೆಯ ಪ್ರಾರ್ಥನೆಯಂತೂ ಹೆಚ್ಚಾಗಿ ಆ ಮಾತುಗಳಲ್ಲಿಯೇ ಇದೆ.