ನಿಮಗಿದು ಗೊತ್ತೆ? ಸಿಲಿಕಾನ್‌ಗೆ ಬೆಳಕು ಕೊಟ್ಟ ಬೆಸುಗೆ

ಚಿಪ್‌ಗಳ ಜೀವಾಳವಾದ ಸಿಲಿಕಾನ್ ಬೆಳಕನ್ನು ಸಾಗಿಸುವುದರಲ್ಲಿ ನಿಸ್ಸೀಮ, ಹುಟ್ಟಿಸುವುದರಲ್ಲಿ ತೀರಾ ದುರ್ಬಲ. ಅದರೊಳಗೆ ಎಲೆಕ್ಟ್ರಾನುಗಳ ಶಕ್ತಿ ಬಹುಪಾಲು ಶಾಖವಾಗಿ ಸೋರಿಹೋಗುತ್ತದೆ.

ಇಂಡಿಯಂ ಫಾಸ್ಫೈಡ್ ಆಧಾರಿತ ಅರೆವಾಹಕಗಳು ಹಾಗಲ್ಲ. ವಿದ್ಯುತ್ ಹರಿದರೆ ಚೆನ್ನಾಗಿ ಬೆಳಕು ಸೂಸುತ್ತವೆ. ಸಾಂತಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜಾನ್ ಬವರ್ಸ್ ತಂಡ ಹಾಗೂ ಇಂಟೆಲ್ ಕಂಪನಿ 2006ರಲ್ಲಿ ಇವೆರಡನ್ನೂ ಬೆಸೆದು, ವಿದ್ಯುತ್ತಿನಿಂದ ನಡೆಯುವ ಹೈಬ್ರಿಡ್ ಸಿಲಿಕಾನ್ ಲೇಸರ್ ತೋರಿಸಿದವು. ಇದಕ್ಕೆ ಅಂಟು ಬೇಕಾಗಲಿಲ್ಲ. ಎರಡೂ ಮೇಲ್ಮೈಗಳನ್ನು ಆಮ್ಲಜನಕದ ಪ್ಲಾಸ್ಮಾಕ್ಕೆ ಒಡ್ಡಿ, ಬಿಸಿಮಾಡಿ ಒತ್ತಿದಾಗ ನಡುವಿನ ತೆಳು ಆಕ್ಸೈಡ್ ಪದರವೇ ಅವನ್ನು ಕೂಡಿಸಿತು.

ಹುಟ್ಟಿದ ಬೆಳಕು ಸಾಗುವುದು ಕೆಳಗಿನ ಸಿಲಿಕಾನ್ ವೇವ್‌ಗೈಡ್‌ನಲ್ಲಿ. ಇದೊಂದು ಬೆಳಕಿನ ಕಾಲುವೆ! ಸಿಲಿಕಾನ್‌ನ ವಕ್ರೀಭವನ ಸೂಚ್ಯಂಕ ಸುಮಾರು 3.5, ಸುತ್ತಲಿನ ಸಿಲಿಕಾದ್ದು 1.45. ಈ ದೊಡ್ಡ ಅಂತರದಿಂದಾಗಿ ಬೆಳಕು ಒಳಗೇ ಪ್ರತಿಫಲಿಸುತ್ತ ಇಕ್ಕಟ್ಟಿನ ತಿರುವುಗಳಲ್ಲೂ ಹೊರಚೆಲ್ಲದು. ಅರ್ಧ ಮೈಕ್ರಾನ್ ಅಗಲದ ಕಾಲುವೆಗಳೂ ಸಾಧ್ಯ. ಅಂದರೆ ಕೂದಲೆಳೆಯ ದಪ್ಪದ ನೂರನೇ ಒಂದು ಭಾಗದಷ್ಟು!

2016ರಲ್ಲಿ ಇಂಟೆಲ್, ಇಂಥ ಲೇಸರ್‌ಗಳಿರುವ, ಸೆಕೆಂಡಿಗೆ 100 ಗಿಗಾಬಿಟ್ ಮಾಹಿತಿ ಸಾಗಿಸುವ ಸಾಧನಗಳನ್ನು ಡೇಟಾ ಸೆಂಟರ್‌ಗಳಿಗೆ ಪೂರೈಸತೊಡಗಿತು.