ಕುರಿಗಳಿಗಾಗಿ ಒಕ್ಕಲೆದ್ದ ಸದರ್ಲೆಂಡ್

ಸ್ಕಾಟ್ಲೆಂಡಿನ ಉತ್ತರ ತುದಿಯಲ್ಲಿದ್ದರೂ ಸದರ್ಲೆಂಡ್ ಎಂಬ ಹೆಸರಿನ ಅರ್ಥ 'ದಕ್ಷಿಣದ ನಾಡು'. ಹೆಸರಿಟ್ಟವರು ಆರ್ಕ್ನಿ ದ್ವೀಪ ಹಾಗೂ ನೆರೆಯ ಕೇತ್‌ನೆಸ್‌ನಲ್ಲಿ ನೆಲೆಸಿದ್ದ ನಾರ್ಸ್ ಜನ. ಅವರ ಪಾಲಿಗೆ ಇದು ದಕ್ಷಿಣವೇ. ಐದು ಸಾವಿರ ಚದರ ಕಿ.ಮೀ.ಗೂ ಹೆಚ್ಚು ವಿಸ್ತಾರದ ಈ ಹಳೆಯ ಕೌಂಟಿಯಲ್ಲಿ ಇಂದಿರುವವರು ಸುಮಾರು 13 ಸಾವಿರ ಮಂದಿ. ಒಳನಾಡಿನ ಕಣಿವೆಗಳಲ್ಲಿ ಮನೆಗಳಿಗಿಂತ ಪಾಳುಬಿದ್ದ ಅಡಿಪಾಯಗಳೇ ಹೆಚ್ಚು. ಈ ಊರುಗಳು ಬರಿದಾದದ್ದು ಹೇಗೆ?

19ನೇ ಶತಮಾನದ ಆರಂಭದಲ್ಲಿ ಕೌಂಟಿಯ ಬಹುಭಾಗ ಸದರ್ಲೆಂಡಿನ ಕೌಂಟೆಸ್ ಎಲಿಜಬೆತ್ ಮತ್ತು ಆಕೆಯ ಪತಿ ಲಾರ್ಡ್ ಸ್ಟಾಫರ್ಡ್ ಅವರ ಒಡೆತನದಲ್ಲಿತ್ತು. ಗೇಲಿಕ್ ಮಾತನಾಡುವ ಒಕ್ಕಲುಗಳು ಕಣಿವೆಗಳಲ್ಲಿ ಓಟ್ಸ್, ಆಲೂಗಡ್ಡೆ ಬೆಳೆದು, ದನ ಸಾಕಿ ಬದುಕುತ್ತಿದ್ದರು. ಆದರೆ ಇವರು ಕೊಡುವ ಗೇಣಿಗಿಂತ ಕುರಿ ಸಾಕುವ ದೊಡ್ಡ ಗುತ್ತಿಗೆದಾರರಿಂದ ಬರುವ ಹಣ ಹೆಚ್ಚು. ಗಿರಣಿಗಳಿಗೆ ಉಣ್ಣೆ ಬೇಕಿತ್ತು. ಆಗ ಹುಟ್ಟಿದ್ದೇ 'ಸುಧಾರಣೆ'ಯ ಯೋಜನೆ: ಒಳನಾಡು ಚೆವಿಯಟ್ ಕುರಿಗಳಿಗೆ, ಜನರಿಗೆ ಕಡಲ ತೀರದ ತುಂಡು ಭೂಮಿ ಮತ್ತು ಮೀನುಗಾರಿಕೆ.

1814ರಲ್ಲಿ ಸ್ಟ್ರಾತ್‌ನೇವರ್ ಕಣಿವೆಯಲ್ಲಿ ಒಕ್ಕಲೆಬ್ಬಿಸಿದವನು ಎಸ್ಟೇಟಿನ ಕಾರಭಾರಿ ಪ್ಯಾಟ್ರಿಕ್ ಸೆಲ್ಲರ್. ತೆರವಾದ ಭೂಮಿಯನ್ನು ಕುರಿ ಸಾಕಣೆಗೆ ಗುತ್ತಿಗೆ ಹಿಡಿದವನೂ ಅವನೇ! ಜನ ಮರಳಿ ಬಾರದಂತೆ ಮನೆಗಳ ಜಂತಿಗಳಿಗೆ ಬೆಂಕಿ ಇಡಲಾಯಿತು. ಮರವೇ ಅಪರೂಪವಾದ ಆ ಸೀಮೆಯಲ್ಲಿ ಜಂತಿ ಸುಟ್ಟರೆ ಮತ್ತೆ ಮನೆ ಕಟ್ಟುವುದು ಕಷ್ಟ. ಸಾವಿಗೆ ಕಾರಣನಾದ ಆರೋಪದ ಮೇಲೆ 1816ರಲ್ಲಿ ಇನ್ವರ್‌ನೆಸ್‌ನಲ್ಲಿ ಸೆಲ್ಲರ್‌ನ ವಿಚಾರಣೆ ನಡೆಯಿತು. ಜ್ಯೂರಿ ಅವನನ್ನು ಖುಲಾಸೆ ಮಾಡಿತು. 1819ರಲ್ಲಿ ಇನ್ನೂ ದೊಡ್ಡ ಪ್ರಮಾಣದಲ್ಲಿ ಒಕ್ಕಲೆಬ್ಬಿಸುವಿಕೆ ನಡೆಯಿತು.

ಕಿಲ್ಡೋನನ್ ಕಣಿವೆಯ ಕೆಲವರು 1813ರಲ್ಲೇ ಕೆನಡಾದ ರೆಡ್ ರಿವರ್‌ಗೆ ಹೊರಟಿದ್ದರು. ಇಂದಿನ ವಿನಿಪೆಗ್ ನಗರದಲ್ಲಿ ಕಿಲ್ಡೋನನ್ ಎಂಬ ಹೆಸರು ಉಳಿದಿರುವುದು ಅವರಿಂದಲೇ.

ಸ್ಟಾಫರ್ಡ್ 1833ರಲ್ಲಿ ಡ್ಯೂಕ್ ಪದವಿ ಪಡೆದು ಅದೇ ವರ್ಷ ತೀರಿಕೊಂಡ. ಗಾಲ್‌ಸ್ಪಿ ಊರಿನ ಮೇಲಿನ ಬೆಟ್ಟದಲ್ಲಿ ಅವನ ಭಾರೀ ಪ್ರತಿಮೆ ನಿಂತಿದೆ. ಅದನ್ನು ನಿಲ್ಲಿಸಿದವರು ಅವನ ಒಕ್ಕಲುಗಳು ಮತ್ತು ಮಿತ್ರರು ಎನ್ನುತ್ತದೆ ಅಲ್ಲಿನ ಶಾಸನ. ಪ್ರತಿಮೆಯನ್ನು ಕೆಡವಬೇಕೆಂಬ ಕೂಗು 1990ರ ದಶಕದಲ್ಲಿ ಎದ್ದಿತ್ತು.

ಸಣ್ಣ ಹಿಡುವಳಿದಾರರಿಗೆ ನೆಲದ ಭದ್ರತೆ ಸಿಕ್ಕಿದ್ದು 1886ರ ಕಾಯ್ದೆಯಿಂದ. 1975ರಲ್ಲಿ ಕೌಂಟಿಯ ಆಡಳಿತವೇ ರದ್ದಾಯಿತು. 1993ರಲ್ಲಿ ಪಶ್ಚಿಮ ತೀರದ ಆಸಿಂಟ್‌ನ ಹಿಡುವಳಿದಾರರು ಚಂದಾ ಎತ್ತಿ, ತಾವು ಉಳುತ್ತಿದ್ದ ಎಸ್ಟೇಟನ್ನೇ ಕೊಂಡುಕೊಂಡರು. 2003ರಲ್ಲಿ ಸ್ಕಾಟ್ಲೆಂಡಿನ ಸಂಸತ್ತು ಇಂಥ ಖರೀದಿಯನ್ನು ಹಿಡುವಳಿದಾರ ಸಮುದಾಯಗಳ ಹಕ್ಕಾಗಿಸಿತು. ಒಕ್ಕಲೆದ್ದ ನಾಡಿನಲ್ಲಿ ಒಕ್ಕಲುಗಳೇ ಒಡೆಯರಾಗಲು ಸುಮಾರು 180 ವರ್ಷ ಬೇಕಾಯಿತು.