ಮಿಂಚು ಬೆಳಕಿಗೊಂದು ಮೋಡ

ನಮ್ಮ ಮಾಯಸಂದ್ರದ ಸುತ್ತಿನ ತೆಂಗಿನ ತೋಟಗಳಲ್ಲಿ ನಡುಹಗಲು ನಿಂತವರ ಮುಖವನ್ನು ಗಮನಿಸಿ. ಗರಿಗಳ ಸಂದಿಯಿಂದ ಬಿದ್ದ ಬಿಸಿಲು ಹಣೆಯ ಮೇಲೆ ಚೂರುಚೂರಾಗಿ ಹೊಳೆಯುತ್ತದೆ. ಕಣ್ಣುಗಳು ಕಪ್ಪು ಗುಳಿಗಳಾಗುತ್ತವೆ. ಅಷ್ಟರಲ್ಲಿ ತೆಳುಮೋಡವೊಂದು ಸೂರ್ಯನಿಗೆ ಅಡ್ಡ ಬಂದರೆ ಅದೇ ಮುಖ ಸೌಮ್ಯವಾಗಿ ಕಾಣುತ್ತದೆ. ಸೂರ್ಯ ಎಷ್ಟೇ ದೊಡ್ಡವನಾದರೂ ದೂರದಿಂದಾಗಿ ನಮ್ಮ ಕಣ್ಣಿಗೆ ಚಿಕ್ಕದೊಂದು ಬಿಲ್ಲೆ. ಮೋಡವಾದರೋ ಆಕಾಶದಗಲದ ದೀಪ. ಬೆಳಕಿನ ಮೂಲ ಚಿಕ್ಕದಾಗಿ ಕಂಡಷ್ಟೂ ನೆರಳಿನ ಅಂಚು ಕತ್ತರಿಸಿದಂತಿರುತ್ತದೆ. ದೊಡ್ಡದಾಗಿ ಕಂಡಷ್ಟೂ ಬೆಳಕು ಹಲವು ದಿಕ್ಕುಗಳಿಂದ ಬಂದು ನೆರಳನ್ನು ತಿಳಿಗೊಳಿಸುತ್ತದೆ. ಫ್ಲ್ಯಾಷ್ ಬಳಸುವ ಹವ್ಯಾಸಿಗಳು ಅರಿಯಬೇಕಾದ ತತ್ತ್ವ ಇದೊಂದೇ.

ಅಮೆರಿಕದ ಹೆರಾಲ್ಡ್ ಎಡ್ಜರ್ಟನ್ 1930ರ ದಶಕದಲ್ಲಿ ಬಳಕೆಗೆ ತಂದ ವಿದ್ಯುತ್ ಫ್ಲ್ಯಾಷ್ ಇಂದು ಎಲ್ಲರ ಕೈಯಲ್ಲಿದೆ. ಅದು ಬೆಳಗುವುದು ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಹೊತ್ತು. ಆದುದರಿಂದ ನೆರಳು ಎಲ್ಲಿ ಬಿದ್ದೀತೆಂದು ಕಣ್ಣಿನಿಂದ ಅಳೆಯಲಾಗದು, ಮೊದಲೇ ಊಹಿಸಬೇಕು. ಎರಡಂಗುಲದ ಆ ಗಾಜಿನ ಕಿಟಕಿಯಿಂದ ನೇರ ಬಡಿದ ಬೆಳಕು ಅಜ್ಜಿಯ ಹಣೆಯ ಬೆವರನ್ನು ಬಿಳಿಯ ಕಲೆಯಾಗಿಸಿ, ಹಿಂದಿನ ಗೋಡೆಗೆ ಕಾಡಿಗೆಯಂಥ ನೆರಳನ್ನು ಮೆತ್ತುತ್ತದೆ.

ಇದಕ್ಕೆ ಮದ್ದೆಂದು ಹಲವರು ಫ್ಲ್ಯಾಷ್‌ಗೆ ಕರವಸ್ತ್ರ ಸುತ್ತುವುದನ್ನು ನಾನು ಕಂಡಿದ್ದೇನೆ. ಬೆಳಕು ಅದರಿಂದ ಮಂದವಾದೀತೇ ಹೊರತು ಅಷ್ಟಾಗಿ ಮೃದುವಾಗದು. ಕಿಟಕಿಯ ಅಳತೆ ಇದ್ದಂತೆಯೇ ಇದೆಯಲ್ಲವೇ? ಅದರ ಬದಲು ಬೆಣ್ಣೆಕಾಗದವನ್ನು ಬಿಲ್ಲಿನಂತೆ ಬಾಗಿಸಿ, ರಬ್ಬರ್ ಬ್ಯಾಂಡಿನಿಂದ ಬಿಗಿದು, ಫ್ಲ್ಯಾಷ್‌ನ ಮುಂದೆ ನಾಲ್ಕಂಗುಲ ದೂರದಲ್ಲಿ ನಿಲ್ಲಿಸಿ. ಬೆಳಕು ಹರಡಿ ಕಾಗದವೇ ಆರಂಗುಲದ ದೀಪವಾಗುತ್ತದೆ. ಆದರೆ ನಾಲ್ಕೈದು ಅಡಿಗಿಂತ ದೂರ ಸರಿದರೆ ಆ ದೀಪವೂ ಚಿಕ್ಕದಾಗಿ ಕಾಣುವುದರಿಂದ ಗುಣ ಕಡಿಮೆಯಾಗುತ್ತದೆ.

ಫ್ಲ್ಯಾಷ್‌ನ ತಲೆ ತಿರುಗುವಂತಿದ್ದರೆ ಅದನ್ನು ಚಾವಣಿಗೆ ತಿರುಗಿಸಿರೆಂದು ಪುಸ್ತಕಗಳು ಹೇಳುತ್ತವೆ. ನಮ್ಮ ಸೀಮೆಯ ಹಳೆಯ ಮನೆಗಳಲ್ಲಿ ತಲೆಯ ಮೇಲಿರುವುದು ಕೊಬ್ಬರಿಗಾಗಿ ತಿಂಗಳುಗಟ್ಟಲೆ ಕಾಯಿ ಕೂಡಿಡುವ ಅಟ್ಟ. ಹೊಗೆ ಹಿಡಿದ ಆ ಮರ ಬೆಳಕನ್ನು ನುಂಗಿಬಿಡುತ್ತದೆ. ಅಲ್ಲಿ ನಾನು ನೆಚ್ಚುವುದು ಒಗೆದ ಬಿಳಿ ಪಂಚೆಯನ್ನು. ಎರಡು ಮಡಿಕೆ ಮಾಡಿ, ಮುಖದ ಒಂದು ಪಕ್ಕಕ್ಕೆ ನಾಲ್ಕಡಿ ದೂರದಲ್ಲಿ ಇಬ್ಬರು ಹಿಡಿದರೆ, ಫ್ಲ್ಯಾಷನ್ನು ಅದರತ್ತ ತಿರುಗಿಸಿದಾಗ ಪಂಚೆಯೇ ಕಿಟಕಿಯ ಬೆಳಕಿನಂತೆ ವರ್ತಿಸುತ್ತದೆ. ಸುಣ್ಣ ಬಳಿದ ಬಿಳಿಗೋಡೆಯೂ ಆದೀತು. ಕೆಮ್ಮಣ್ಣಿನ ಗೋಡೆ ಮಾತ್ರ ಬೇಡ. ಅದರ ಬಣ್ಣ ಮುಖಕ್ಕೂ ಹತ್ತುತ್ತದೆ.

ಈ ಸೌಮ್ಯತೆಗೆ ತೆರಬೇಕಾದ ಬೆಲೆಯೊಂದಿದೆ. ಬೆಳಕಿನಲ್ಲಿ ಕಾಲು ಪಾಲೋ ಇನ್ನೂ ಕಡಿಮೆಯೋ ಉಳಿಯುತ್ತದೆ. ಕಾಲು ಪಾಲು ಉಳಿದರೆ, 8ರಲ್ಲಿದ್ದ ಅಪರ್ಚರನ್ನು 4ಕ್ಕೆ ತೆರೆಯಬೇಕಾದೀತು. ಡಿಜಿಟಲ್ ಕ್ಯಾಮೆರಾದಲ್ಲಿ ಒಂದೆರಡು ಚಿತ್ರ ತೆಗೆದು ನೋಡಿದರೆ ಲೆಕ್ಕ ತಿಳಿಯುತ್ತದೆ. ಫ್ಲ್ಯಾಷನ್ನು ಮಾತ್ರ ಬಿಚ್ಚಲು ಹೋಗಬೇಡಿ. ಆರಿದ ಮೇಲೂ ಅದರೊಳಗೆ ಅಪಾಯಕರ ವಿದ್ಯುತ್ತು ಉಳಿದಿರುತ್ತದೆ.

ಹಿರಿಯರು ತೀರಿಕೊಂಡ ಮೇಲೆ ಹಾರ ಹಾಕಲು ಪಟವನ್ನು ಹುಡುಕಿದಾಗ, ಎಷ್ಟೋ ಮನೆಗಳಲ್ಲಿ ಸಿಗುವುದು ಯಾವುದೋ ಮದುವೆಯಲ್ಲಿ ಫ್ಲ್ಯಾಷ್ ಹೊಡೆದು ತೆಗೆದ ಚಿತ್ರವೊಂದೇ. ಮಕ್ಕಳು ಮೊಮ್ಮಕ್ಕಳು ಮುಂದೆ ನೆನೆಯುವುದು ಅದೇ ಮುಖವನ್ನು. ಆ ಮುಖ ಅವರದೇ ಮುಖವಾಗಿ ಉಳಿಯಬೇಕಾದರೆ, ಗುಂಡಿ ಒತ್ತುವ ಮುನ್ನ ಒಂದು ಪಂಚೆಯನ್ನು ಬಿಚ್ಚಿ ಹಿಡಿಯುವಷ್ಟು ವ್ಯವಧಾನ ನಮಗಿರಲಿ.